ಕ್ಯಾಲೆಂಡರಿನಲ್ಲಿ ಬರೆದಿಟ್ಟ ಒಂದು ವರ್ಷದ ರಾತ್ರಿ ಅಡುಗೆ. ನಿಮ್ಮ ಮನೆಯಲ್ಲಿ ಏನು ಮಾಡ್ತೀರಿ?

ಸಾಗರದವ

ಎಲ್ಲರಿಗೂ ನಮಸ್ಕಾರ. ಕಳೆದ ಯುಗಾದಿಯ ಮಾರನೇ ದಿನದಿಂದ ನಮ್ಮ ಮನೆಯ ರಾತ್ರಿ ಅಡುಗೆ ನನ್ನ ಪಾಲಿಗೆ ಬಂತು. ನಾವಿರುವುದು ಬೆಂಗಳೂರಿನಲ್ಲಿ. ಹೆಂಡತಿಗೆ ಎರಡನೇ ಪಾಳಿ ಕೆಲಸ, ಅವಳು ಮನೆ ಸೇರುವಾಗ ಹತ್ತೂವರೆ. ನಾನು ಆರೂವರೆಗೆ ಬರುತ್ತೇನೆ. ಮನೆಯಲ್ಲಿ ಅಮ್ಮ ಇದ್ದಾರೆ, ಏಳು ವರ್ಷದ ಮಗಳಿದ್ದಾಳೆ. ಮಗಳಿಗೆ ಎಂಟು ಗಂಟೆಗೆ ಊಟ ಆಗಲೇಬೇಕು, ಇಲ್ಲದಿದ್ದರೆ ಹಾಗೇ ನಿದ್ದೆ ಹೋಗುತ್ತಾಳೆ.

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಇರುತ್ತದಲ್ಲ, ಅದರ ಅದೇ ಚೌಕದಲ್ಲಿ ಅವತ್ತಿನ ಅಡುಗೆಯನ್ನೂ ಬರೆಯುತ್ತಾ ಬಂದೆ. ಮೊನ್ನೆ ಕೂತು ಎಣಿಸಿದೆ. ಶನಿವಾರ, ಭಾನುವಾರ, ಹಬ್ಬ ಎಲ್ಲ ಬಿಟ್ಟು ಸುಮಾರು 240 ರಾತ್ರಿ. ಮೊದಲ ಎರಡು ತಿಂಗಳು ತುಂಬಾ ಕಡೆ "ಪಾರ್ಸೆಲ್" ಅಂತಲೇ ಇದೆ. ಆಮೇಲೆ ಅದು ಕಡಿಮೆಯಾಗಿ ತಿಳಿಸಾರು 58, ತಂಬುಳಿ 41, ಬಸ್ಸಾರು 19, ಚಿತ್ರಾನ್ನ 17, ಹೀಗೆ.

ಎಣಿಸಿದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಪಾರ್ಸೆಲ್ ತಂದ ದಿನಗಳೆಲ್ಲ ಬೆಳಿಗ್ಗೆ ಏನೂ ತಯಾರಿ ಮಾಡದೆ ಹೋದ ದಿನಗಳು. ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಹಿಡಿ ಕಾಳು ನೆನೆಹಾಕಿದ್ದರೆ, ಒಂದು ಬಟ್ಟಲು ಕಾಯಿ ತುರಿದಿಟ್ಟಿದ್ದರೆ ಆ ರಾತ್ರಿ ಅಡುಗೆ ಆಗಿಯೇ ಆಗಿದೆ. ನಾನು ಎಷ್ಟೇ ಸುಸ್ತಾಗಿದ್ದರೂ ಆಗಿದೆ.

ನನಗೆ ಅತಿ ಇಷ್ಟವಾದದ್ದು ದೊಡ್ಡಪತ್ರೆ ತಂಬುಳಿ. ನಮ್ಮೂರ ಕಡೆ ದಿನಾ ಮಧ್ಯಾಹ್ನ ಏನಾದರೊಂದು ತಂಬುಳಿ ಇರುತ್ತಿತ್ತು, ಚಿಕ್ಕವನಿದ್ದಾಗ ನಾನು ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ಈಗ ಬಾಲ್ಕನಿಯ ಕುಂಡದಲ್ಲಿ ದೊಡ್ಡಪತ್ರೆ ಇದೆ, ಒಂದು ಕಡ್ಡಿ ಮುರಿದು ನೆಟ್ಟರೆ ಸಾಕು, ಬೆಳೆಯುತ್ತದೆ. ಹತ್ತು ಹನ್ನೆರಡು ಎಲೆ ತೊಳೆದು, ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹಾಕಿ ಚಟಪಟ ಅಂದ ಮೇಲೆ ಎಲೆ ಹಾಕಿ ಬಾಡಿಸಿ. ಎಲೆ ಮುದುಡಿ ಬಣ್ಣ ಬದಲಾದರೆ ಸಾಕು. ತಣಿದ ಮೇಲೆ ಕಾಲು ಬಟ್ಟಲು ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಒಂದೂವರೆ ಲೋಟ ಮಜ್ಜಿಗೆ, ಉಪ್ಪು ಬೆರೆಸಿ. ಸಾಸಿವೆ, ಒಂದು ಒಣಮೆಣಸಿನ ಒಗ್ಗರಣೆ. ಕುದಿಸುವುದು ಬೇಡ, ಮಜ್ಜಿಗೆ ಒಡೆಯುತ್ತದೆ. ಅನ್ನ ಕುಕ್ಕರಿನಲ್ಲಿ ಆಗುವಷ್ಟರಲ್ಲಿ ತಂಬುಳಿ ಆಗಿರುತ್ತದೆ. ಇದೇ ಕ್ರಮದಲ್ಲಿ ಒಂದೆಲಗದ್ದೂ ಮಾಡಬಹುದು, ಬರೀ ಒಂದು ಚಮಚ ಮೆಂತ್ಯ ಹುರಿದೂ ಮಾಡಬಹುದು. ಮೆಂತ್ಯವನ್ನು ಕೆಂಪಗೆ ಹುರಿಯಬೇಕು ಅಷ್ಟೆ, ಆದರೆ ಕಪ್ಪಾದರೆ ಕಹಿ.

ತಿಳಿಸಾರಿನಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ, ಹೊಸಬರಿಗೆ ಉಪಯೋಗವಾಗಬಹುದು. ಸಮಯ ಉಳಿಸೋಣ ಅಂತ ತೊಗರಿಬೇಳೆ ಜೊತೆಗೇ ಹುಣಸೆರಸ, ಉಪ್ಪು ಎಲ್ಲ ಕುಕ್ಕರಿಗೆ ಹಾಕಿದ್ದೆ. ಐದು ಕೂಗಾದರೂ ಬೇಳೆ ಕಾಳುಕಾಳಾಗಿಯೇ ಇತ್ತು. ಮಗಳು ಕಾದು ಕಾದು ಬಾಳೆಹಣ್ಣು ತಿಂದು ಮಲಗಿದಳು, ಆ ರಾತ್ರಿ ನನಗೆ ತುಂಬಾ ಬೇಜಾರಾಯಿತು. ಹುಳಿ ಇದ್ದರೆ ಬೇಳೆ ಬೇಯುವುದಿಲ್ಲ. ಬೇಳೆ ಪೂರ್ತಿ ಬೆಂದ ಮೇಲೆಯೇ ಹುಣಸೆ. ಬಿಸಿಬೇಳೆಬಾತಿಗೂ ಇದೇ ನಿಯಮ.

ನಿಮ್ಮ ಮನೆಗಳಲ್ಲಿ ವಾರದ ದಿನ ರಾತ್ರಿಗೆ ಏನು ಮಾಡ್ತೀರಿ? ಅಳತೆ ಸಮೇತ ಬರೆಯಿರಿ, ಮುಂದಿನ ವರ್ಷದ ಕ್ಯಾಲೆಂಡರಿಗೆ ಬೇಕು.

ಮಂಡ್ಯದ ಸೊಸೆ

ಅಣ್ಣ, ಬಸ್ಸಾರು 19 ಸಲ ಅಂತ ಓದಿ ಖುಷಿಯಾಯ್ತು. ವಾರದ ದಿನ ಬಸ್ಸಾರು ಮಾಡುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅದರಷ್ಟು ಸುಲಭದ್ದು ಇನ್ನೊಂದಿಲ್ಲ. ಯಾಕೆಂದರೆ ಒಂದೇ ಸಲ ಬೇಯಿಸಿದ್ದರಲ್ಲಿ ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ. ನೀವು ಹೇಗೆ ಮಾಡ್ತೀರಿ?

ನಾನು ತೊಗರಿಬೇಳೆ ಬದಲು ಹೆಸರುಕಾಳು ಹಾಕುತ್ತೇನೆ. ಬೆಳಿಗ್ಗೆ ನೆನೆಹಾಕಿದ ಒಂದು ಬಟ್ಟಲು ಹೆಸರುಕಾಳು, ಕುಕ್ಕರ್ ಬೇಡ, ತೆರೆದ ಪಾತ್ರೆಯಲ್ಲಿ ನೀರು ಜಾಸ್ತಿ ಇಟ್ಟು ಬೇಯಿಸಿ. ಕಾಳು ಮುಕ್ಕಾಲು ಬೆಂದಾಗ ಹೆಚ್ಚಿದ ದಂಟಿನ ಸೊಪ್ಪೋ ಸಬ್ಬಸಿಗೆಯೋ ಹಾಕಿ, ಉಪ್ಪು ಹಾಕಿ. ಕಾಳು ಒಡೆಯಬಾರದು, ಕೈಯಲ್ಲಿ ಹಿಸುಕಿದರೆ ಮೆತ್ತಗಾಗಬೇಕು. ಬಸಿದುಕೊಳ್ಳಿ. ಆ ಕಟ್ಟೇ ಸಾರಿನ ಜೀವ, ಒಂದು ತೊಟ್ಟೂ ಚೆಲ್ಲಬೇಡಿ.

ಇನ್ನು ಮಸಾಲೆ. ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ ಎಣ್ಣೆಯಲ್ಲಿ ಬಾಡಿಸಿ, ಅದಕ್ಕೆ ಎರಡು ಚಮಚ ಸಾರಿನ ಪುಡಿ, ಮೂರು ಚಮಚ ಕಾಯಿ, ನೆಲ್ಲಿಕಾಯಿ ಗಾತ್ರದ ಹುಣಸೆ, ಮತ್ತೆ ಬೆಂದ ಕಾಳು ಸೊಪ್ಪಿನಲ್ಲೇ ಒಂದು ಹಿಡಿ ಹಾಕಿ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿ. ಆ ಒಂದು ಹಿಡಿ ಮರೆಯಬೇಡಿ, ಸಾರು ಮಂದವಾಗುವುದು ಅದರಿಂದ. ಉಳಿದದ್ದಕ್ಕೆ ಸಾಸಿವೆ, ಒಣಮೆಣಸು, ಈರುಳ್ಳಿ ಒಗ್ಗರಣೆ, ಮೇಲೆ ಕಾಯಿ. ಮುದ್ದೆ ತಿರುವಲು ಹತ್ತು ನಿಮಿಷ. ಒಟ್ಟು 35 ನಿಮಿಷದಲ್ಲಿ ಎಲೆಗೆ ಎಲ್ಲ ಬರುತ್ತದೆ.

ಬಸ್ಸಾರು ಮಾರನೇ ದಿನ ಇನ್ನೂ ರುಚಿ. ಅದಕ್ಕೇ ನಾನು ಸೋಮವಾರ ಮಾಡುತ್ತೇನೆ, ಮಂಗಳವಾರ ಬರೀ ಬಿಸಿ ಮಾಡುವುದು.

ಸಾಗರದವ

ನನ್ನ ಹೆಂಡತಿಯೂ ಮಂಡ್ಯದ ಕಡೆಯವಳೇ. ಅವಳು ಫೋನಿನಲ್ಲಿ ಹೇಳಿಕೊಡುತ್ತಿದ್ದಳು, ನಾನು ಮಾಡುತ್ತಿದ್ದೆ. ತೊಗರಿಬೇಳೆ ಹಾಕಿ ಕುಕ್ಕರಿನಲ್ಲಿ ಇಡುತ್ತಿದ್ದೆ, ಯಾವಾಗಲೂ ಕರಗಿ ಹೋಗಿ ಪಲ್ಯ ಆಗುತ್ತಿರಲಿಲ್ಲ. ಹೆಸರುಕಾಳು, ತೆರೆದ ಪಾತ್ರೆ. ಬರೆದುಕೊಂಡೆ.

ಪೀಜಿ ಅಡುಗೆ

ನಾನು ಹುಬ್ಬಳ್ಳಿಯಲ್ಲಿ ಒಬ್ಬನೇ ಇದ್ದೇನೆ, ಒಂದು ಇಂಡಕ್ಷನ್ ಒಲೆ, ಮೂರು ಲೀಟರಿನ ಒಂದು ಕುಕ್ಕರ್, ಒಂದು ಬಾಣಲೆ. ಮಿಕ್ಸರ್ ಇಲ್ಲ. ಹಾಗಾಗಿ ರುಬ್ಬುವುದೇನೂ ಆಗುವುದಿಲ್ಲ.

ವಾರಕ್ಕೆರಡು ಸಲ ಟೊಮೆಟೊ ಬಾತ್ ಮಾಡುತ್ತೇನೆ. ಎಣ್ಣೆಯಲ್ಲಿ ಚಕ್ಕೆ, ಲವಂಗ, ಈರುಳ್ಳಿ, ಹಸಿಮೆಣಸು, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಮೂರು ಹಣ್ಣಾದ ಟೊಮೆಟೊ. ಟೊಮೆಟೊ ಪೂರ್ತಿ ಕರಗಿ ಎಣ್ಣೆ ಬಿಡುವವರೆಗೂ ಬಾಡಿಸಬೇಕು, ಇಲ್ಲಿ ಅವಸರ ಮಾಡಿದರೆ ಹಸಿ ವಾಸನೆ ಉಳಿಯುತ್ತದೆ. ಒಂದು ಲೋಟ ಸೋನಾ ಮಸೂರಿಗೆ ಎರಡು ಲೋಟ ನೀರು, ಎರಡು ಕೂಗು. ಟೊಮೆಟೊ ನೀರು ಬಿಡುವುದರಿಂದ ಎರಡಕ್ಕಿಂತ ಸ್ವಲ್ಪ ಕಡಿಮೆಯೇ ಇಡಿ. ಹೊಸ ಅಕ್ಕಿಯಾದರೆ ಇನ್ನೂ ಕಡಿಮೆ. ಮೊಸರು, ಹಸಿ ಈರುಳ್ಳಿ ಜೊತೆ ತಿನ್ನುತ್ತೇನೆ. ಒಂದೇ ಪಾತ್ರೆ ತೊಳೆಯುವುದು.

ನನ್ನ ಪ್ರಶ್ನೆ: ರೊಟ್ಟಿ ಬಡಿಯಲು ಬರದವರು ರಾತ್ರಿಗೆ ರೊಟ್ಟಿ ಊಟ ಹೇಗೆ ಮಾಡುವುದು?

ಜೋಳದ ತೆನೆ

ತಮ್ಮಾ, ಹುಬ್ಬಳ್ಳಿಯಲ್ಲೇ ಇದ್ದು ರೊಟ್ಟಿಗೆ ಚಿಂತೆ ಯಾಕೆ? ಓಣಿಗೊಂದು ಕಡೆ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಕಟಕ ರೊಟ್ಟಿ ಒಂದು ಕಟ್ಟು ತಂದಿಡು, ಒಣಗಿರುವುದರಿಂದ ವಾರಗಟ್ಟಲೆ ಇರುತ್ತದೆ. ಮೆತ್ತಗೆ ಬೇಕಾದರೆ ಸ್ವಲ್ಪ ನೀರು ಚಿಮುಕಿಸಿ ಬಟ್ಟೆಯಲ್ಲಿ ಸುತ್ತಿಡು.

ಕಲಿಯಬೇಕು ಅಂತಿದ್ದರೆ ಇಷ್ಟು ತಿಳಿದುಕೋ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಅಂಟು ಇರುವುದಿಲ್ಲ, ತಣ್ಣೀರಿನಲ್ಲಿ ನಾದಿದರೆ ಅಂಚು ಬಿರಿಯುತ್ತದೆ. ಕುದಿಯುವ ನೀರು ಹಾಕಿ ಕಲಸಿ, ಕೈಗೆ ತಡೆಯುವಷ್ಟು ಬಿಸಿ ಇರುವಾಗಲೇ ಚೆನ್ನಾಗಿ ನಾದಬೇಕು. ಹಿಟ್ಟು ಹಳೆಯದಾದರೂ ಬಿರಿಯುತ್ತದೆ, ಅದಕ್ಕೆ ಸ್ವಲ್ಪ ಸ್ವಲ್ಪವೇ ಬೀಸಿಸಿಕೊಂಡು ಬಾ.

ಮಿಕ್ಸರ್ ಬೇಡದ ಪಲ್ಯ ಬೇಕಲ್ಲ, ಪಿಟ್ಲ ಮಾಡು. ನಮ್ಮ ಬಾಗಲಕೋಟೆ ಕಡೆ ಮನೆಯಲ್ಲಿ ಕಾಯಿಪಲ್ಲೆ ಏನೂ ಇಲ್ಲದ ದಿನ ಇದೇ. ಒಂದು ಬಟ್ಟಲು ಕಡಲೆಹಿಟ್ಟನ್ನು ಮೂರು ಬಟ್ಟಲು ನೀರಿನಲ್ಲಿ ಗಂಟಿಲ್ಲದಂತೆ ಕಲಸಿಟ್ಟುಕೋ. ಬಾಣಲೆಯಲ್ಲಿ ಮೂರು ಚಮಚ ಎಣ್ಣೆ. ಎಣ್ಣೆಗೆ ಜಿಪುಣತನ ಮಾಡಬೇಡ. ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಹತ್ತು ಎಸಳು, ಜಜ್ಜಿದ ಹಸಿಮೆಣಸಿನಕಾಯಿ, ಕರಿಬೇವು, ಒಂದು ಉಳ್ಳಾಗಡ್ಡಿ, ಅರಿಶಿನ, ಉಪ್ಪು. ಹಿಟ್ಟಿನ ನೀರು ಸುರಿದು ಕೈ ಬಿಡದೆ ತಿರುವು. ಗಟ್ಟಿಯಾಗಿ ಪುಟುಪುಟು ಅಂದ ಮೇಲೆ ಉರಿ ಸಣ್ಣ ಮಾಡಿ ಮುಚ್ಚಳ ಮುಚ್ಚಿ ಐದು ನಿಮಿಷ. ಕೊತ್ತಂಬರಿ ಉದುರಿಸಿದರೆ ಆಯಿತು. ನೀರು ಎರಡೇ ಬಟ್ಟಲು ಹಾಕಿದರೆ ಗಟ್ಟಿಯಾಗುತ್ತದೆ. ಅದನ್ನು ತಾಟಿಗೆ ತಟ್ಟಿ, ಒಣಕೊಬ್ಬರಿ ಉದುರಿಸಿ, ವಡಿ ಕೊಯ್ಯುತ್ತೇವೆ, ಅದು ಜುಣಕದ ವಡಿ. ರೊಟ್ಟಿ, ಪಿಟ್ಲ, ಶೇಂಗಾ ಹಿಂಡಿ, ಮೊಸರು. ಇದಕ್ಕಿಂತ ಏನು ಬೇಕು ಹೇಳು.

ಮೈಸೂರಿನ ಅಜ್ಜಿಮನೆ

ಎಲ್ಲರದ್ದೂ ಓದಿದೆ, ಬಹಳ ಸಂತೋಷ. ನನಗೀಗ 68. ಐವತ್ತು ವರ್ಷದಿಂದ ರಾತ್ರಿ ಅಡುಗೆ ಮಾಡುತ್ತಿದ್ದೇನೆ, ಹೀಗೆ ಲೆಕ್ಕ ಇಡಬೇಕು ಅಂತ ಹೊಳೆದೇ ಇರಲಿಲ್ಲ.

ಸಾಗರದ ಹುಡುಗನ ಮಾತು ನಿಜ, ರಾತ್ರಿ ಅಡುಗೆಯ ಅರ್ಧ ಬೆಳಿಗ್ಗೆ ಆಗಬೇಕು. ನಾನು ಇನ್ನೊಂದು ಸೇರಿಸುತ್ತೇನೆ. ಕಾಲು ಭಾಗ ತಿಂಗಳಿಗೊಮ್ಮೆ ಆಗಬೇಕು. ಅದು ಪುಡಿ. ಮನೆಯಲ್ಲಿ ಮಾಡಿದ ಸಾರಿನ ಪುಡಿ ಡಬ್ಬಿ ತುಂಬಿದ್ದರೆ ಯಾವ ರಾತ್ರಿಗೂ ಹೆದರಬೇಕಿಲ್ಲ. ನನ್ನ ಅಳತೆ: ಕೊತ್ತಂಬರಿ ಬೀಜ ಒಂದು ಬಟ್ಟಲು, ಬ್ಯಾಡಗಿ ಮೆಣಸಿನಕಾಯಿ 25ರಿಂದ 30, ಜೀರಿಗೆ ಎರಡು ದೊಡ್ಡ ಚಮಚ, ಕಾಳುಮೆಣಸು ಒಂದು ದೊಡ್ಡ ಚಮಚ, ಮೆಂತ್ಯ ಒಂದು ಸಣ್ಣ ಚಮಚ, ಸಾಸಿವೆ ಒಂದು ಸಣ್ಣ ಚಮಚ, ಒಂದು ಹಿಡಿ ಕರಿಬೇವು, ಇಂಗು, ಅರಿಶಿನ. ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯಿರಿ. ಒಟ್ಟಿಗೆ ಹುರಿದರೆ ಕೊತ್ತಂಬರಿ ಹಸಿ ಇರುವಾಗಲೇ ಜೀರಿಗೆ ಸೀದುಹೋಗುತ್ತದೆ. ಬ್ಯಾಡಗಿಯೇ ಆಗಬೇಕು. ಹಾವೇರಿ ಕಡೆಯ ಆ ಸುಕ್ಕುಸುಕ್ಕು ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರು ಹಾಕಿದರೆ ಮಕ್ಕಳು ಬಾಯಿಗಿಡಲಾರರು.

ಚಳಿಗೆ ಹುಗ್ಗಿ, ಗೊಜ್ಜು ಮಾಡಿ ನೋಡಿ. ಧನುರ್ಮಾಸದಲ್ಲಿ ದೇವಸ್ಥಾನಗಳಲ್ಲಿ ಕೊಡುತ್ತಾರಲ್ಲ, ಅದೇ. ಮುಕ್ಕಾಲು ಬಟ್ಟಲು ಅಕ್ಕಿ, ಮುಕ್ಕಾಲು ಬಟ್ಟಲು ಹೆಸರುಬೇಳೆ. ಬೇಳೆಯನ್ನು ಘಮ್ಮೆನ್ನುವಂತೆ ಹುರಿದುಕೊಳ್ಳಿ. ಐದು ಬಟ್ಟಲು ನೀರು, ನಾಲ್ಕು ಕೂಗು. ತುಪ್ಪದಲ್ಲಿ ತರಿತರಿಯಾಗಿ ಕುಟ್ಟಿದ ಮೆಣಸು, ಜೀರಿಗೆ, ಶುಂಠಿ, ಕರಿಬೇವು, ಗೋಡಂಬಿ. ಕುಕ್ಕರ್ ಕೂಗುವ ಹೊತ್ತಿಗೆ ಹಸಿ ಗೊಜ್ಜು ಮಾಡಿಕೊಳ್ಳಿ. ಹುಣಸೆರಸ, ಬೆಲ್ಲ, ಉಪ್ಪು, ಒಂದು ಚಮಚ ಸಾರಿನ ಪುಡಿ, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ಮೇಲೆ ಇಂಗಿನ ಒಗ್ಗರಣೆ. ಒಲೆಯ ಮೇಲೆ ಇಡುವುದೇ ಬೇಡ.

ಮಂಡ್ಯದ ಸೊಸೆ

ಅಜ್ಜಿ, ತಿಳಿಸಾರಿಗೆ ಬೆಲ್ಲ ಹಾಕ್ತೀರಾ? ನಮ್ಮ ಮನೆಯಲ್ಲಿ ಇದೇ ದೊಡ್ಡ ಚರ್ಚೆ.

ಮೈಸೂರಿನ ಅಜ್ಜಿಮನೆ

ಹಾಕುತ್ತೇನಮ್ಮ, ಅಡಿಕೆ ಗಾತ್ರದ್ದು. ಸಿಹಿ ಗೊತ್ತಾಗಬಾರದು, ಹುಣಸೆಯ ಒಗರು ಹೋಗಬೇಕು. ಟೊಮೆಟೊ ಚೆನ್ನಾಗಿ ಹಣ್ಣಾಗಿದ್ದ ದಿನ ಹಾಕುವುದಿಲ್ಲ.

ಕರಾವಳಿ ಮನೆ

ನಮ್ಮದು ಉಡುಪಿ ಕಡೆ. ನೀರ್‌ದೋಸೆಯನ್ನು ಎಲ್ಲರೂ ಬೆಳಗಿನ ತಿಂಡಿ ಅಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಅದು ರಾತ್ರಿಗೇ ಜಾಸ್ತಿ. ಹುಳಿ ಬರಿಸುವ ಕೆಲಸ ಇಲ್ಲವಲ್ಲ. ಬೆಳಿಗ್ಗೆ ಎರಡು ಲೋಟ ಅಕ್ಕಿ ನೆನೆಹಾಕಿ ಹೋಗುತ್ತೇನೆ. ಸಂಜೆ ಬಂದು ಅರ್ಧ ಲೋಟ ಕಾಯಿತುರಿ ಜೊತೆ ತುಂಬಾ ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡುತ್ತೇನೆ. ಕಾವಲಿ ಚೆನ್ನಾಗಿ ಕಾದಿರಬೇಕು, ಹಿಟ್ಟು ಹೊಯ್ದಾಗ ತೂತುತೂತು ಬೀಳಬೇಕು. ಮುಚ್ಚಿ ಒಂದು ನಿಮಿಷ, ಮಗುಚಬೇಡಿ, ಮಡಚಿ ತೆಗೆಯಿರಿ. ಹೊಸಬರು ಮರೆಯುವುದು ಒಂದೇ. ಅಕ್ಕಿ ಅಡಿಗೆ ಕೂರುತ್ತದೆ, ಪ್ರತಿ ದೋಸೆಗೂ ಮೊದಲು ಸೌಟಿನಿಂದ ತಳ ಕಲಕಬೇಕು. ಇಲ್ಲವಾದರೆ ಮೊದಲ ದೋಸೆಗಳು ನೀರು, ಕೊನೆಯವು ಕಲ್ಲು. ಮಕ್ಕಳಿಗೆ ಕಾಯಿ ಬೆಲ್ಲ, ದೊಡ್ಡವರಿಗೆ ಹಿಂದಿನ ದಿನದ ಕೋಳಿ ಸಾರು.

ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಹಸಿ ಮೀನು ಕಡಿಮೆ. ಆಗ ಒಣ ಸಿಗಡಿ ಚಟ್ನಿಯೇ ನಮ್ಮನ್ನು ಕಾಯುವುದು. ತಲೆ ಬಾಲ ಮುರಿದು, ಬಾಣಲೆಯಲ್ಲಿ ಎಣ್ಣೆ ಹಾಕದೆ ಗರಿಗರಿ ಹುರಿಯಿರಿ. ಕಾಯಿ, ಹುರಿದ ಒಣಮೆಣಸು, ಹುಣಸೆ, ಉಪ್ಪು ನೀರು ಹಾಕದೆ ತರಿಯಾಗಿ ಅರೆದು, ಕೊನೆಗೆ ಈರುಳ್ಳಿ ಮತ್ತು ಸಿಗಡಿ ಹಾಕಿ ಒಂದೇ ಸುತ್ತು ತಿರುಗಿಸಿ. ಕುಚ್ಚಲಕ್ಕಿ ಗಂಜಿ ಜೊತೆ ತಿನ್ನಿ. ಹೊರಗೆ ಮಳೆ ಸುರಿಯುತ್ತಿರುವಾಗ ಇದನ್ನು ತಿನ್ನುವ ಸುಖವನ್ನು ನಾನು ಬರೆದು ತಿಳಿಸಲಾರೆ.

ಮ್ಯೂನಿಕ್ ಕನ್ನಡತಿ

ಜರ್ಮನಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ಹಸಿ ತೆಂಗಿನಕಾಯಿ ಸಿಕ್ಕರೂ ಒಡೆದಾಗ ಒಳ್ಳೆಯದಿರುತ್ತದೆ ಅಂತ ನಂಬಿಕೆ ಇಲ್ಲ. ನಾನು ಫ್ರೀಜರಿನ ಕಾಯಿತುರಿ ತರುತ್ತೇನೆ. ಆದರೆ ಅದರಲ್ಲಿ ತಂಬುಳಿ ಮಾಡಿದರೆ ಮೇಲೆ ಬಿಳಿ ಕಣಗಳು ತೇಲುತ್ತವೆ, ನುಣ್ಣಗಾಗುವುದೇ ಇಲ್ಲ. ಯಾರಿಗಾದರೂ ಹೀಗಾಗಿದೆಯಾ?

ನನ್ನ ಕಡೆಯಿಂದ ಒಂದು ಗೊಜ್ಜು. ವಸಂತದಲ್ಲಿ ಇಲ್ಲಿ ರೂಬಾರ್ಬ್ ಅಂತ ಕೆಂಪು ಹಸಿರು ದಂಟು ಬರುತ್ತದೆ, ಮಾವಿನಕಾಯಿಯಷ್ಟು ಹುಳಿ. ಜೂನ್ 24ರ ಹೊತ್ತಿಗೆ ಕೊಯ್ಲು ನಿಲ್ಲಿಸುವುದು ಇಲ್ಲಿನ ಹಳೇ ಪದ್ಧತಿ. ಇಲ್ಲಿನವರು ಅದಕ್ಕೆ ಸಕ್ಕರೆ ಹಾಕಿ ಕೇಕ್ ಮಾಡುತ್ತಾರೆ. ನಾನು ಅದನ್ನು ಹೆಚ್ಚಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ ಹಾಕಿ, ಬೆಲ್ಲ, ಸಾರಿನ ಪುಡಿ, ಉಪ್ಪು ಸೇರಿಸಿ ಎಂಟು ನಿಮಿಷ ಬೇಯಿಸುತ್ತೇನೆ. ಹುಣಸೆ ಬೇಕಿಲ್ಲ. ಬಿಸಿ ಅನ್ನ, ತುಪ್ಪದ ಜೊತೆ ಥೇಟ್ ಅಮ್ಮನ ಮಾವಿನಕಾಯಿ ಗೊಜ್ಜು. ದಂಟು ಮಾತ್ರ ಬಳಸಿ, ಎಲೆ ವಿಷ, ತಿನ್ನಲೇಬಾರದು.

ಕರಾವಳಿ ಮನೆ

ಕಾಯಿಯ ವಿಷಯಕ್ಕೆ ಉತ್ತರ ನನ್ನ ಹತ್ತಿರ ಇದೆ. ಚಳಿಗಾಲದಲ್ಲಿ ಬಾಟಲಿಯ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು ನೋಡಿದ್ದೀರಲ್ಲ, ಸುಮಾರು 24 ಡಿಗ್ರಿಗಿಂತ ಕೆಳಗೆ ಇಳಿದರೆ ಹಾಗಾಗುತ್ತದೆ. ತಣ್ಣಗಿನ ಕಾಯಿತುರಿಯಲ್ಲೂ ಅದೇ ಆಗುವುದು. ರುಬ್ಬಿದಾಗ ಎಣ್ಣೆಯೇ ಕಣಕಣವಾಗಿ ಬಿಡುತ್ತದೆ. ಕಾಯಿತುರಿಯನ್ನು ಐದು ನಿಮಿಷ ಬಿಸಿನೀರಿನಲ್ಲಿ ನೆನೆಸಿ, ಆ ಬೆಚ್ಚಗಿನ ನೀರನ್ನೇ ಹಾಕಿ ರುಬ್ಬಿ. ಮಜ್ಜಿಗೆಯೂ ಫ್ರಿಜ್ಜಿನಿಂದ ನೇರ ತೆಗೆದದ್ದು ಬೇಡ.

ಮ್ಯೂನಿಕ್ ಕನ್ನಡತಿ

ಈಗಲೇ ಮಾಡಿ ನೋಡಿದೆ ಅಕ್ಕಾ, ಕಣ ಇಲ್ಲವೇ ಇಲ್ಲ! ಮೂರು ವರ್ಷದಿಂದ ಮಿಕ್ಸರ್ ಸರಿ ಇಲ್ಲ ಅಂದುಕೊಂಡಿದ್ದೆ. ತುಂಬಾ ಥ್ಯಾಂಕ್ಸ್.

ಪೀಜಿ ಅಡುಗೆ

ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನಕ್ಕೆ ಬಳಸುತ್ತೇನೆ, ಹೊರಗೇ ಇಟ್ಟಿರುತ್ತೇನೆ. ಸರಿಯಾ?

ಮೈಸೂರಿನ ಅಜ್ಜಿಮನೆ

ಹಾಗೆ ಇಡಬೇಡಪ್ಪ, ಅದರಲ್ಲೂ ಬೇಸಿಗೆಯಲ್ಲಿ. ಅನ್ನ ಹೊರಗೆ ಕೂತರೆ ಅದರಲ್ಲಿ ಕ್ರಿಮಿ ಬೆಳೆದು ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಊಟ ಆದ ಕೂಡಲೇ ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸು. ಫ್ರಿಜ್ ಇಲ್ಲವೆಂದರೆ ಅಳತೆ ಕಡಿಮೆ ಮಾಡು, ಒಬ್ಬನಿಗೆ ಅರ್ಧ ಲೋಟ ಅಕ್ಕಿ ಸಾಕು.

ಜೋಳದ ತೆನೆ

ಅಜ್ಜಿ ಹೇಳಿದ್ದು ಸರಿ. ಬೆಳಿಗ್ಗೆಗೆ ಮಂಡಕ್ಕಿ ಒಗ್ಗರಣೆ ಮಾಡಿಕೋ ತಮ್ಮಾ, ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ತಕ್ಷಣ ಹಿಂಡಿ ತೆಗೆದು ಒಗ್ಗರಣೆಗೆ ಹಾಕಿ, ಪುಟಾಣಿ ಪುಡಿ ಉದುರಿಸಿದರೆ ಮುಗಿಯಿತು. ಹತ್ತು ನಿಮಿಷವೂ ಬೇಡ.

ಸಾಗರದವ

ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ಸೋಮವಾರ ಹೆಸರುಕಾಳಿನ ಬಸ್ಸಾರು, ಪಲ್ಯ ಉದುರುದುರಾಗಿ ಬಂತು. ಹೆಂಡತಿ ಹತ್ತೂವರೆಗೆ ಬಂದು ಎರಡು ಮುದ್ದೆ ಊಟ ಮಾಡಿದಳು, ಊರಲ್ಲಿ ಅವಳ ಅಮ್ಮ ಮಾಡಿದ ಹಾಗೇ ಇದೆ ಅಂದಳು. ಮಂಗಳವಾರ ಅದನ್ನೇ ಬಿಸಿ ಮಾಡಿದೆ. ಬುಧವಾರ ಪಿಟ್ಲ, ಚಪಾತಿ ಜೊತೆ. ಮಗಳಿಗೆ ಹಸಿಮೆಣಸು ಖಾರವಾಯಿತು. ಅಮ್ಮನಿಗೆ ಎಷ್ಟು ಇಷ್ಟವಾಯಿತೆಂದರೆ ಮಲೆನಾಡಿನಲ್ಲಿ ಇಷ್ಟು ವರ್ಷ ಇದನ್ನು ಯಾರೂ ಹೇಳಿಕೊಡಲಿಲ್ಲವಲ್ಲ ಅಂದರು. ಗುರುವಾರ ಹುಗ್ಗಿ ಗೊಜ್ಜು. ಶುಕ್ರವಾರ ನೀರ್‌ದೋಸೆ, ತಳ ಕಲಕಲು ಮಗಳನ್ನೇ ನಿಲ್ಲಿಸಿದ್ದೆ, ಹದಿನಾಲ್ಕು ದೋಸೆಗೂ ಮರೆಯದೆ ಕಲಕಿದಳು.

ಜೋಳದ ತೆನೆ ಅಕ್ಕಾ, ಪಿಟ್ಲಕ್ಕೆ ಮಕ್ಕಳಿಗೆ ಅಂತ ಖಾರ ಕಡಿಮೆ ಮಾಡಬೇಕಾದರೆ ಹಸಿಮೆಣಸು ಬದಲು ಬ್ಯಾಡಗಿ ಪುಡಿ ಹಾಕಬಹುದಾ?

ಜೋಳದ ತೆನೆ

ಹಾಕಬಹುದು ತಮ್ಮಾ. ಒಗ್ಗರಣೆಯಲ್ಲಿ ಪುಡಿ ಸೀಯುತ್ತದೆ, ಹಿಟ್ಟಿನ ನೀರಿಗೇ ಕಲಸಿಬಿಡು. ಬೆಳ್ಳುಳ್ಳಿ ಇನ್ನೆರಡು ಎಸಳು ಜಾಸ್ತಿ ಹಾಕು. ಮಗಳಿಗೆ ಮೇಲೆ ಒಂದು ಚಮಚ ತುಪ್ಪ.